ಆರೋಗ್ಯ ವಿಮಾ ಕಂತಿನ ಹೆಚ್ಚಳ: ಸಾರ್ವಜನಿಕರ ಗಮನಕ್ಕೆ

ಆರೋಗ್ಯ ವಿಮಾ ಪಾಲಿಸಿಯ ನವೀಕರಣದ ವೇಳೆ ಕಂತು ಹೆಚ್ಚಾದಲ್ಲಿ, ಅದನ್ನು ಇಳಿಸಿಕೊಡುವಂತೆ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕು ಕಚೇರಿಗಳಿಗೆ ಅರ್ಜಿ ಸಲ್ಲಿಸಬೇಕಾಗಿಲ್ಲ. ಈ ಕಚೇರಿಗಳಿಗೆ ಅಂತಹ ಅಧಿಕಾರವಿರುವುದಿಲ್ಲ. ವಿಮಾ ಕಂಪನಿಗಳ ಮೇಲ್ವಿಚಾರಣೆಯು 1999ರ ಕಾಯ್ದೆಯನ್ವಯ ರಚಿತವಾದ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಸೇರಿರುತ್ತದೆ.

ಪ್ರಾಧಿಕಾರದ ದಿನಾಂಕ 30-01-2025ರ ಸೂಚನೆಯಂತೆ, 60 ವರ್ಷ ಮತ್ತು ಮೇಲ್ಪಟ್ಟ ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಅಧಿಕವಾಗಿ ಹೆಚ್ಚಿಸಬೇಕಾದರೆ ಕಂಪನಿಯು ಮುಂಚಿತವಾಗಿ ಪ್ರಾಧಿಕಾರದೊಡನೆ ಸಮಾಲೋಚಿಸತಕ್ಕದ್ದು. ಉದಾಹರಣೆಗೆ, ರೂ. 20,000 ಇದ್ದ ಕಂತು ಮರುವರ್ಷ ರೂ. 22,000 ಮೀರಿದಲ್ಲಿ, ಹೆಚ್ಚಳದ ಕಾರಣವನ್ನೂ ಸಮಾಲೋಚನೆ ನಡೆದಿದೆಯೇ ಎಂಬುದನ್ನೂ ಕಂಪನಿಯಿಂದ ಲಿಖಿತವಾಗಿ ಕೇಳಬಹುದು. 60 ವರ್ಷದೊಳಗಿನವರಿಗೆ ಈ ಸೂಚನೆ ಅನ್ವಯಿಸುವುದಿಲ್ಲ.

ದೂರು ಸಲ್ಲಿಸುವ ಕ್ರಮ:

1. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು.
2. ಪರಿಹಾರ ದೊರೆಯದಿದ್ದಲ್ಲಿ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ ದೂರವಾಣಿ 155255ರಲ್ಲಿ ದಾಖಲಿಸುವುದು.
3. ಒಂದು ತಿಂಗಳೊಳಗೆ ಕಂಪನಿಯ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರವು ಸಮಾಧಾನಕರವಲ್ಲದಿದ್ದಲ್ಲಿ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಸಲ್ಲಿಸುವುದು. ಇದಕ್ಕೆ ಶುಲ್ಕವಿರುವುದಿಲ್ಲ, ವಕೀಲರ ಅಗತ್ಯವೂ ಇಲ್ಲ.

ಮುಖ್ಯ ಸೂಚನೆ: ದೂರು ಬಾಕಿಯಿದೆಯೆಂದು ಕಂತು ಪಾವತಿಯನ್ನು ನಿಲ್ಲಿಸಬಾರದು. ವಾರ್ಷಿಕ ಕಂತಿಗೆ 30 ದಿನಗಳ ಹೆಚ್ಚುವರಿ ಕಾಲಾವಕಾಶವಿರುತ್ತದೆ. ಅದು ಮೀರಿದಲ್ಲಿ ಪಾಲಿಸಿ ರದ್ದಾಗಿ, ಮೊದಲಿನಿಂದಿರುವ ಕಾಯಿಲೆಗಳ ಚಿಕಿತ್ಸಾ ವೆಚ್ಚಕ್ಕೆ ಹೊಸದಾಗಿ ಕಾಯಬೇಕಾಗಬಹುದು.

ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಯೋಜನೆಯ ವಂತಿಗೆಯನ್ನು ರಾಜ್ಯ ಸರ್ಕಾರವೇ ನಿಗದಿಪಡಿಸುವುದರಿಂದ, ಮೇಲಿನ ಕ್ರಮವು ಅದಕ್ಕೆ ಅನ್ವಯಿಸುವುದಿಲ್ಲ.