ಅಟ್ಟದ ಕಾಲದಿಂದ ಗೋಡೆ ಕಪಾಟಿನವರೆಗೆ: ಅಡುಗೆಮನೆಯ ಎತ್ತರದ ವಿಚಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅಟ್ಟವೆಂದರೆ ಹಳೆಯ ಸಾಮಾನು ಒಟ್ಟುವ ಮೂಲೆಯಲ್ಲ. ಅದು ಮನೆತನದ ಖಜಾನೆ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ 8ರಿಂದ 12 ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಾಡಿಸಿದಾಗ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟದ ಹಲಗೆಗಳ ನಡುವೆ ಸಂದು ಬಿಟ್ಟು ಗಾಳಿಯಾಡುವಂತೆ ಮಾಡಿದ ಹಿರಿಯರ ಜಾಣ್ಮೆಯೇ ಇದಕ್ಕೆ ಆಧಾರ.

ಇಂದು ತಾರಸಿ ಮನೆಗಳು ಬಂದಿವೆ. ಅನೇಕ ಮನೆಗಳಲ್ಲಿ ಕೊಬ್ಬರಿಯ ಅಟ್ಟ ತೋಟದ ಕಡೆಗೆ ಸರಿದಿದೆ. ಶಿವಗಣಾರಾಧನೆಗೆ, ಮದುವೆಗೆ, ಹಬ್ಬಕ್ಕೆ ಬೇಕಾಗುವ ಹಿತ್ತಾಳೆ ಕೊಳಗ, ದೊಡ್ಡ ಬೋಗುಣಿ, ಇಡ್ಲಿ ಪಾತ್ರೆಗಳಿಗೆ ಜಾಗ ಬೇಕಲ್ಲವೆ? ಆಗ ಅಡುಗೆ ಕಟ್ಟೆಯ ಮೇಲೆ ಸೂರು ಮುಟ್ಟುವ ಗೋಡೆ ಕಪಾಟು ನೆನಪಾಗುತ್ತದೆ. ಅದು ಒಳ್ಳೆಯ ಯೋಚನೆಯೇ. ಆದರೆ ಉರಿಯುವ ಒಲೆಯ ಪಕ್ಕದಲ್ಲಿ ಸ್ಟೂಲು ಹತ್ತಿ ಭಾರದ ಡಬ್ಬಿ ಇಳಿಸುವವರು ಮನೆಯ ತಾಯಂದಿರು ಎಂಬುದನ್ನು ಮರೆಯಬಾರದು. ಇಲ್ಲಿ ಅಂದಕ್ಕಿಂತ ಅವರ ಕೈಕಾಲುಗಳ ಕ್ಷೇಮ ಮುಖ್ಯ.

ಮೊದಲು ಅಳತೆ. ಅಡುಗೆ ಕಟ್ಟೆ ಸಾಮಾನ್ಯವಾಗಿ 32ರಿಂದ 34 ಅಂಗುಲ ಎತ್ತರವಿರುತ್ತದೆ. ಕಟ್ಟೆಗೂ ಕಪಾಟಿನ ತಳಕ್ಕೂ 18ರಿಂದ 24 ಅಂಗುಲ ಬಿಡಬೇಕು. ಕಟ್ಟೆ 33, ನಡುವಣ ಜಾಗ 20 ಎಂದರೆ ಕಪಾಟಿನ ತಳ ನೆಲದಿಂದ 53 ಅಂಗುಲಕ್ಕೆ, ಅಂದರೆ 4 ಅಡಿ 5 ಅಂಗುಲಕ್ಕೆ ಬಂದಿತು. ಕಪಾಟಿನ ಆಳ 12ರಿಂದ 14 ಅಂಗುಲ ಸಾಕು. ಹೆಚ್ಚಾದರೆ ತಲೆಗೆ ತಾಗುತ್ತದೆ, ಹಿಂದಿನ ಡಬ್ಬಿ ಕಾಣುವುದಿಲ್ಲ. ಗ್ಯಾಸ್ ಒಲೆಯ ನೇರ ಮೇಲೆ ಮರದ ಕಪಾಟು ಬೇಡ. ಆ ಜಾಗವನ್ನು ಹೊಗೆ ಎಳೆಯುವ ಚಿಮಣಿಗೆ ಬಿಡುವುದು ಲೇಸು.

ಮನೆಯಲ್ಲಿ ಅಡುಗೆ ಮಾಡುವವರ ಪೈಕಿ ಎಲ್ಲರಿಗಿಂತ ಕುಳ್ಳಗಿರುವವರನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಹಿಮ್ಮಡಿ ಎತ್ತದೆ ಕೈ ಚಾಚಿಸಿ, ಗೋಡೆಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ನಿತ್ಯದ ಬೇಳೆ, ಸಾಂಬಾರ ಪುಡಿ, ಉಪ್ಪು ಆ ಗೆರೆಯ ಕೆಳಗೇ ಇರಬೇಕು. ಗೆರೆಯ ಮೇಲಿನ ಭಾಗ ವರ್ಷಕ್ಕೆರಡು ಸಲ ತೆಗೆಯುವ ಹಗುರ ಸಾಮಾನಿಗೆ ಮಾತ್ರ. ಭಾರದ ಹಿತ್ತಾಳೆ ಪಾತ್ರೆಗಳಿಗೆ ಕಟ್ಟೆಯ ಕೆಳಗಿನ ಗೂಡೇ ತಕ್ಕ ಸ್ಥಳ.

ಎರಡನೆಯದು ಗೋಡೆ. ತಲಾ 10 ಕಿಲೋ ತೂಗುವ 6 ಡಬ್ಬಿಗಳನ್ನಿಟ್ಟರೆ ಒಂದು ಕಪಾಟಿನ ಮೇಲೆ 60 ಕಿಲೋ ಹೊರೆ ಬಿತ್ತು. ಕಪಾಟಿನ ಸ್ವಂತ ತೂಕ ಬೇರೆ. ಸುಟ್ಟ ಇಟ್ಟಿಗೆಯ ಗಟ್ಟಿ ಗೋಡೆ ಇದನ್ನು ತಾಳೀತು. ಟೊಳ್ಳು ಸಿಮೆಂಟ್ ಇಟ್ಟಿಗೆಗೆ ಅದಕ್ಕೆಂದೇ ಮಾಡಿದ ಬೋಲ್ಟ್ ಬೇಕು. ಹಳೆಯ ಮಣ್ಣಿನ ಗೋಡೆಗೆ ಕಪಾಟು ತೂಗುಹಾಕಲೇಬಾರದು. ನೆಲದ ಮೇಲೆ ಕಾಲೂರಿ ನಿಲ್ಲುವ ಎತ್ತರದ ಬೀರುವನ್ನೇ ಮಾಡಿಸಿ. ಗಿಲಾವಿಗೆ ಮಾತ್ರ ಕಚ್ಚಿದ ಮೊಳೆ ಎಂದಿಗೂ ನೆಚ್ಚಿಕೆಗೆ ತಕ್ಕುದಲ್ಲ.

ಕೂರಿಸುವ ಕ್ರಮ ಹೀಗೆ: ಗೋಡೆಯೊಳಗಿನ ವಿದ್ಯುತ್ ತಂತಿ, ನೀರಿನ ಕೊಳವೆಗಳ ಜಾಡು ತಿಳಿದ ಮೇಲೆಯೇ ತೂತು ಕೊರೆಯಬೇಕು. ರಸಮಟ್ಟದಿಂದ ನೇರ ಗೆರೆ ಎಳೆದು, ಗೆರೆಗುಂಟ ಮರದ ಪಟ್ಟಿಯೊಂದನ್ನು ತಾತ್ಕಾಲಿಕವಾಗಿ ಹೊಡೆದರೆ ಕಪಾಟನ್ನು ಅದರ ಮೇಲಿಟ್ಟು ನೆಮ್ಮದಿಯಾಗಿ ಬಿಗಿಯಬಹುದು. ಮೂಲೆಯ ಕಪಾಟು ಮೊದಲು; ಉಳಿದವು ಅದಕ್ಕೆ ಹೊಂದಿಕೊಂಡು. ಸೂರು ಎಲ್ಲೆಡೆ ಸಮವಾಗಿರುವುದು ಅಪರೂಪವಾದ್ದರಿಂದ ಮೇಲೆ ಒಂದಂಗುಲ ಬಿಟ್ಟು ಕಡೆಗೆ ಪಟ್ಟಿ ಮುಚ್ಚಿಸಿ. ಬಾಗಿಲುಗಳನ್ನು ಕೊನೆಗೆ ಹಾಕಬೇಕು.

ಮರದ ವಿಷಯದಲ್ಲಿ ಐ.ಎಸ್. 710 ಗುರುತುಳ್ಳ ಮರೈನ್ ಪ್ಲೈವುಡ್ ಹಬೆಯನ್ನು ಚೆನ್ನಾಗಿ ತಾಳುತ್ತದೆ. ನಮ್ಮ ತೋಟದ ಮುದಿ ತೆಂಗಿನ ಮರವನ್ನೂ ಬಳಸಬಹುದು. ಆದರೆ ಅದರ ಹೊರಸುತ್ತು ಮಾತ್ರ ಗಟ್ಟಿ. ತಿರುಳು ಮೆತ್ತಗಿರುವುದರಿಂದ ಹೊರೆ ಹೊರಲಾರದು.

ಕೊನೆಯದಾಗಿ, ಅಟ್ಟ ಕಲಿಸಿದ ಪಾಠ. ಗಾಳಿಯಿಲ್ಲದ ಕಪಾಟಿನಲ್ಲಿ, ಅದೂ ಒಲೆಯ ಹಬೆ ತಾಗುವ ಕಡೆ, ಒಡೆದ ಕೊಬ್ಬರಿ ಮುಗ್ಗು ಹಿಡಿಯುತ್ತದೆ, ಎಣ್ಣೆ ಕಮಟುತ್ತದೆ. ಕೊಬ್ಬರಿ ಇಡುವ ಕಪಾಟಿಗೆ ಜಾಲರಿಯ ಬಾಗಿಲು ಹಾಕಿಸಿ. ಬಚ್ಚಲಿನ ಗೋಡೆಗೆ ಆತು ಕಪಾಟು ಬೇಡ. ಅಲ್ಲಿ ತೇವ ಒಸರುತ್ತದೆ.

ಬಡಗಿಯನ್ನು ಕರೆಸುವ ಮುನ್ನ ಮನೆಯ ಹೆಂಗಸರನ್ನು ಕೂರಿಸಿಕೊಂಡು ಮಾತನಾಡುವುದು ಮನೆಯ ಯಜಮಾನರ ಕರ್ತವ್ಯ. ದಾಸೋಹದ ಅನ್ನ ಬೇಯಿಸುವ ಕೈಗಳಿಗೆ ನೋವಾಗದಂತೆ ಕಟ್ಟಿದ ಅಡುಗೆಮನೆಯೇ ನಿಜವಾಗಿ ಅಂದವಾದ ಅಡುಗೆಮನೆ.