ಬಾಟಲಿಯ ಬಳ್ಳಿಗೆ ಭಾನುವಾರದ ಸ್ನಾನ

ಅಂಗಳವಿಲ್ಲದ ಮನೆಯಲ್ಲೂ ಒಂದಿಷ್ಟು ಹಸಿರು ಬೇಕೆನ್ನುವವರಿಗೆ ಮನಿ ಪ್ಲಾಂಟ್‌ನಷ್ಟು ಸುಲಭವಾಗಿ ಒಗ್ಗುವ ಬಳ್ಳಿ ಅಪರೂಪ. ಪೆಸಿಫಿಕ್ ಸಾಗರದ ಮೂರಿಯಾ ದ್ವೀಪ ಇದರ ತವರು. ಈಗ ನಮ್ಮ ಟಿ.ವಿ. ಪಕ್ಕದಲ್ಲಿ, ಅಡುಗೆಮನೆ ಕಿಟಕಿಯಲ್ಲಿ ಹಾಯಾಗಿ ಕೂತಿದೆ. ಇದನ್ನಿಟ್ಟರೆ ದುಡ್ಡು ಬರುತ್ತದೆಂಬ ನಂಬಿಕೆ ಹಲವರಿಗಿದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಹಾಗೆ ಬೆಳೆದ ಖಾತೆಯನ್ನು ಒಂದೂ ಕಂಡಿಲ್ಲ! ಆದರೆ ನಿಗಾ ಇಡದಿದ್ದರೆ ಇದೇ ಬಾಟಲಿ ಮನೆಗೆ ಡೆಂಗಿ ತರಬಹುದು.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯೇ ಬೇಕೆಂದಿಲ್ಲ, ನಿಂತ ತಿಳಿನೀರು ಸಾಕು. ಅದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಮರಿಯಾಗಿ, ಸೊಳ್ಳೆಯಾಗಿ ಹಾರಲು ಸುಮಾರು 8ರಿಂದ 10 ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು. ಒಣಗಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಅದಕ್ಕೇ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬಾಟಲಿಗೆ ಸ್ನಾನ. ಬಳ್ಳಿ ಹೊರತೆಗೆದು ಬೇರನ್ನು ತೊಳೆಯುತ್ತೇನೆ. ಬಾಟಲಿಯ ಒಳಗೋಡೆಯನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ಹೊಸ ನೀರು ತುಂಬುತ್ತೇನೆ. ಕುಂಡದ ಕೆಳಗಿನ ತಟ್ಟೆಗೂ ಇದೇ ಉಪಚಾರ.

ಮಣ್ಣಿನ ಕುಂಡದ ಗಿಡಗಳು ಬಾಯಾರಿಕೆಗಿಂತ ಅತಿ ನೀರಿನಿಂದ ಸಾಯುವುದೇ ಹೆಚ್ಚು. ಬೇರಿಗೂ ಉಸಿರಾಟವಿದೆ. ಮಣ್ಣಿನ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಗಾಳಿಯಾಡದೆ ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ಹಾಗಾಗಿ ದಿನ ಲೆಕ್ಕ ಹಾಕಿ ನೀರು ಹಾಕಬೇಡಿ. ಬೆರಳನ್ನು ಒಂದು ಅಂಗುಲ ಮಣ್ಣಿನೊಳಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ದಪ್ಪ ಎಲೆಯಲ್ಲೇ ನೀರು ಕೂಡಿಡುವ ಸ್ನೇಕ್ ಪ್ಲಾಂಟ್‌ಗಾದರೆ ಕುಂಡದ ಮಣ್ಣು ಪೂರ್ತಿ ಒಣಗುವವರೆಗೆ ಕಾಯಬಹುದು. ಕುಂಡದ ತಳದಲ್ಲಿ ತೂತು ಇರಲೇಬೇಕು.

ಬೆಳಕಿಗೆ ಸುಲಭದ ಅಳತೆಯಿದೆ. ಹಗಲಲ್ಲಿ ದೀಪ ಹಾಕದೆ ಆರಾಮವಾಗಿ ಪತ್ರಿಕೆ ಓದಲಾಗುವ ಜಾಗದಲ್ಲಿ ಈ ಎರಡೂ ಬದುಕುತ್ತವೆ. ಮನಿ ಪ್ಲಾಂಟ್‌ಗೆ ಸುಡುವ ಬಿಸಿಲು ಬೇಡ.

ಪುಟಾಣಿಗಳಿರುವ ಮನೆಯವರಿಗೆ ಇನ್ನೊಂದು ಮಾತು. ಮನಿ ಪ್ಲಾಂಟ್ ನಮ್ಮ ಪತ್ರೊಡೆ ಕೆಸುವಿನ ಕುಟುಂಬಕ್ಕೇ ಸೇರಿದ್ದು. ಹಸಿ ಕೆಸು ಬಾಯಿ ತುರಿಸುವುದು ಎಲ್ಲರಿಗೂ ಗೊತ್ತು. ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು ಅದಕ್ಕೆ ಕಾರಣ. ಅವೇ ಹರಳುಗಳು ಮನಿ ಪ್ಲಾಂಟ್ ಎಲೆಯಲ್ಲೂ ಇವೆ. ಅಂಬೆಗಾಲಿಡುವ ಮಗು, ಎಲ್ಲವನ್ನೂ ಕಚ್ಚಿನೋಡುವ ನಾಯಿಮರಿ, ಬೆಕ್ಕಿನಮರಿ ಇದ್ದರೆ ಬಳ್ಳಿಯನ್ನು ಎತ್ತರದಲ್ಲಿಡಿ.

ಮಕ್ಕಳೇ, ನೀವೂ ಒಂದು ಬಳ್ಳಿ ಬೆಳೆಸಿ. ಕಬ್ಬಿನಂತೆ ಇದಕ್ಕೂ ಗೆಣ್ಣುಗಳಿವೆ. ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ನೀರಿನಲ್ಲಿಡಿ. ಕೆಲವು ವಾರಗಳಲ್ಲಿ ಬಿಳಿ ಬೇರು ಮೂಡುವುದನ್ನು ಕಣ್ಣಾರೆ ಕಾಣುತ್ತೀರಿ. ಎಲೆ ಮುಟ್ಟಿದ ಮೇಲೆ ಕೈ ತೊಳೆಯಿರಿ. ಭಾನುವಾರದ ಸ್ನಾನ ಮಾತ್ರ ತಪ್ಪಿಸಬೇಡಿ.