ಜೀವವುಳ್ಳ ಎಲುಬು

ಗುಬ್ಬಿಯ ತೋಟಗಳಲ್ಲಿ ತೆಂಗಿನ ಮರವನ್ನು ಹತ್ತುವವನನ್ನು ವಾಚಕರು ಕಂಡಿರಬಹುದು. ತೋಳುಗಳನ್ನು ಮೇಲಕ್ಕೆ ಚಾಚಿ ಮರವನ್ನಪ್ಪುತ್ತಾನೆ; ಮೊಣಕಾಲುಗಳನ್ನು ಮಡಿಸಿ ಪಾದಗಳನ್ನು ಒತ್ತಿ ಹಿಡಿಯುತ್ತಾನೆ; ಮರುಕ್ಷಣದಲ್ಲಿಯೇ ಕಾಲನ್ನು ನೀಡಿ ಒಂದು ಮೊಳ ಮೇಲೇರಿರುತ್ತಾನೆ. ಈ ಒಂದು ಚಲನೆಗೆ ಎಷ್ಟು ಕೀಲುಗಳು ಒಡಗೂಡಿ ದುಡಿದುವೆಂಬುದನ್ನು ನೋಡುವವರು ಎಣಿಸುವುದಿಲ್ಲ.

ಮೊಣಕಾಲು ಬಹುಮಟ್ಟಿಗೆ ಬಾಗಿಲಿನಂತೆ ಒಂದೇ ಕಡೆಗೆ ಮಡಿಯತಕ್ಕ ಕೀಲು. ಭುಜದಲ್ಲಿಯೂ ತೊಡೆಯ ಬುಡದಲ್ಲಿಯೂ ಎಲುಬಿನ ದುಂಡನೆಯ ತಲೆಯು ಬಟ್ಟಲಿನಂತಹ ಗುಳಿಯಲ್ಲಿ ಕುಳಿತಿರುವುದರಿಂದ ಅವು ಎಲ್ಲ ಕಡೆಗೂ ತಿರುಗಬಲ್ಲವು. ಎಲುಬಿಗೆ ಎಲುಬು ಉಜ್ಜಿ ಸವೆಯದಿರಲೆಂದು ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆಯಿದ್ದಂತೆ, ನಡುವೆ ಜಾರುವ ದ್ರವವೊಂದಿದೆ.

ಎಲುಬೆಂದರೆ ಒಣಗಿದ ಸುಣ್ಣದ ಕಂಬವೆಂದು ಭಾವಿಸುವುದು ತಪ್ಪು. ಅದರಲ್ಲಿ ರಕ್ತ ಹರಿಯುತ್ತದೆ. ಅದರ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ. ಹಳೆಯ ಭಾಗವನ್ನು ಕರಗಿಸುವ ಕಣಗಳೂ ಹೊಸತನ್ನು ಕಟ್ಟುವ ಕಣಗಳೂ ಅದರೊಳಗೆ ನಿತ್ಯವೂ ದುಡಿಯುತ್ತವೆ. ಹುಟ್ಟಿದ ಶಿಶುವಿನಲ್ಲಿ ಸುಮಾರು 300 ಎಲುಬುಗಳಿದ್ದು, ಬೆಳೆದಂತೆ ಕೆಲವು ಕೂಡಿಕೊಂಡು 206 ಆಗುತ್ತವೆ.

ಜೀವವುಳ್ಳದ್ದಾದುದರಿಂದಲೇ ಎಲುಬು ದುಡಿಮೆಗೆ ತಕ್ಕಂತೆ ಗಟ್ಟಿಯಾಗುತ್ತದೆ. ಟಿಪ್ಪುಸುಲ್ತಾನನ ಕಾಲದಿಂದಲೂ ಕುದುರೆಗಳಿಗೆ ಹೆಸರಾದ ಊರು ಕುಣಿಗಲು. ಎಳೆಯ ಕುದುರೆಯನ್ನು ಪಳಗಿಸುವವರು ಅದನ್ನು ಮಿತವಾಗಿ ಓಡಿಸಿ, ಕ್ರಮೇಣ ಓಟವನ್ನು ಹೆಚ್ಚಿಸುವುದುಂಟು. ಕಾಲಿನ ಎಲುಬು ಹೊರೆಗೆ ಹೊಂದಿಕೊಂಡು ದಪ್ಪವಾಗಲು ಕಾಲಾವಕಾಶ ಬೇಕು. ನಮಗೂ ಇದೇ ನಿಯಮ. ದಿನವೆಲ್ಲ ಕುಳಿತೇ ಇರುವವರ ಎಲುಬು ಸೊರಗುತ್ತದೆ.

ದುಡಿಮೆಯೊಡನೆ ಆಹಾರವೂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿಯ ಅಕ್ಕಿಯಲ್ಲಿ 10 ಮಿಲಿಗ್ರಾಮಿನ ಆಸುಪಾಸು ಮಾತ್ರ. ತುಮಕೂರು ಸೀಮೆಯ ಮುದ್ದೆಯನ್ನು ಬಡವರ ಊಟವೆಂದು ಜರೆದು ಮಕ್ಕಳ ತಟ್ಟೆಯಿಂದ ದೂರ ಮಾಡುವ ತಾಯಂದಿರು ಇದನ್ನು ನೆನೆಯಬೇಕು. ಈ ಕ್ಯಾಲ್ಸಿಯಂ ಮೈಗೆ ಹತ್ತುವುದಕ್ಕೆ ಬಿಸಿಲಿನಿಂದ ದೊರೆಯುವ ಡಿ ಜೀವಸತ್ವವೂ ಅವಶ್ಯಕ. ಮುಟ್ಟು ನಿಂತ ಬಳಿಕ ಸ್ತ್ರೀಯರ ಎಲುಬು ಬೇಗನೆ ತೆಳುವಾಗುವುದರಿಂದ, ಮನೆಮಂದಿಗೆಲ್ಲ ಬಡಿಸಿ ಉಳಿದುದನ್ನು ಉಣ್ಣುವ ಗೃಹಿಣಿಗೇ ಈ ಎಚ್ಚರ ಹೆಚ್ಚಾಗಿ ಬೇಕು.

ನೀರಿನ ವಿಷಯವನ್ನೂ ಮರೆಯಲಾಗದು. ಇದೇ ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿ ಕಂಡುಬಂದಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲ. ಬಹುಕಾಲ ಕುಡಿದರೆ ಕೀಲುಗಳು ಬಿಗಿದು ಬೆನ್ನು ಬಾಗದಂತಾಗಬಹುದು. ಕಾಯಿಸುವುದರಿಂದ ಈ ದೋಷ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸುವುದೇ ಮೇಲು.

ಇಷ್ಟೆಲ್ಲ ಜೋಪಾನವಿದ್ದರೂ ಮರದಿಂದಲೋ ಬಚ್ಚಲಲ್ಲಿಯೋ ಬೀಳುವುದುಂಟು. ಆಗ ನೆರೆದವರು ಆತುರದಿಂದ ಎತ್ತಿ ಕೂರಿಸಬಾರದು. ಬೆನ್ನುಮೂಳೆ ಮುರಿದಿದ್ದರೆ ಆ ಎತ್ತುವಿಕೆಯೇ ಕಾಲುಗಳ ಬಲವನ್ನು ಶಾಶ್ವತವಾಗಿ ಕಳೆಯಬಹುದು. ಅಲುಗಿಸದೆ ಮಲಗಿಸಿಟ್ಟು 108ಕ್ಕೆ ಕರೆಮಾಡಬೇಕು. ಮುರಿದ ಕೈಕಾಲನ್ನು ನೀವಬಾರದು, ಬಿಗಿಯಾಗಿ ಕಟ್ಟಬಾರದು. ಕಟ್ಟಿದ ಮೇಲೆ ಬೆರಳುಗಳು ತಣ್ಣಗಾದರೆ ಅಥವಾ ನೀಲಿಗಟ್ಟಿದರೆ ರಕ್ತಸಂಚಾರ ನಿಂತಿತೆಂದು ತಿಳಿದು, ಕೂಡಲೇ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಧಾವಿಸತಕ್ಕದ್ದು.

ಮುರಿದುದನ್ನು ಕೂಡಿಸುವ ಶಕ್ತಿ ಎಲುಬಿನಲ್ಲಿಯೇ ಇದೆ. ವೈದ್ಯರು ಅದನ್ನು ನೆಟ್ಟಗೆ ನಿಲ್ಲಿಸುವರು. ಅದು ಕೂಡಿಕೊಳ್ಳುವವರೆಗೆ ತಾಳ್ಮೆಯಿಂದಿರುವುದು ನಮ್ಮ ಕೆಲಸ.